ಊರಿಗೆ ಊರೇ ಜೊತೆಗಿದೆ, ಅಮ್ಮನ ಕೀಮೋಗೆ ತಯಾರಿ ಹೇಗೆ?

ಪ್ರಶ್ನೆ: ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಅಮ್ಮನಿಗೆ 52 ವರ್ಷ, ಸ್ತನ ಕ್ಯಾನ್ಸರ್. ಮುಂದಿನ ವಾರ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಕೀಮೋ ಶುರು. 21 ದಿನಕ್ಕೊಮ್ಮೆ ಹೋಗಿ ಬರಬೇಕು. ಬಿಪಿಎಲ್ ಕಾರ್ಡ್ ಇದೆ. ಅಕ್ಕಪಕ್ಕದವರು, ಸ್ತ್ರೀಶಕ್ತಿ ಸಂಘದವರು ಎಲ್ಲರೂ "ಏನು ಬೇಕಾದ್ರೂ ಹೇಳು" ಅನ್ನುತ್ತಿದ್ದಾರೆ. ಏನು ಕೇಳಬೇಕೋ ತೋಚುತ್ತಿಲ್ಲ.

ಉತ್ತರ: ಗೋಡೆಯ ಕ್ಯಾಲೆಂಡರ್ ಇಳಿಸಿ. ಕೀಮೋ ದಿನಕ್ಕೆ ಸುತ್ತು ಹಾಕಿ. ಅಲ್ಲಿಂದ 7ನೇ ದಿನದಿಂದ 14ನೇ ದಿನದವರೆಗೆ ಕೆಂಪು ಗೆರೆ ಎಳೆಯಿರಿ. ಸಾಮಾನ್ಯವಾಗಿ ಈ ವಾರದಲ್ಲೇ ರಕ್ತದ ಬಿಳಿ ಕಣಗಳು ತೀರಾ ಇಳಿಯೋದು. ಸೋಂಕು ಬೇಗ ತಗಲುತ್ತದೆ. ಆದರೆ ಅಷ್ಟು ಹೊತ್ತಿಗೆ ವಾಂತಿ ನಿಂತು ಅಮ್ಮ ಗೆಲುವಾಗಿ ಕಾಣುತ್ತಾರೆ. ನೆಂಟರು ಹಣ್ಣು ಹಿಡಿದು ನೋಡಲು ಬರೋದೂ ಆಗಲೇ, ಅಲ್ವಾ? ಆ ವಾರ ಗುಂಪು ಬೇಡ. ನೆಗಡಿ, ಕೆಮ್ಮು ಇದ್ದವರು ಹೊಸಿಲು ದಾಟುವುದೇ ಬೇಡ. ನಿಷ್ಠುರವಾದರೂ ಹೇಳಿಬಿಡಿ.

ಹಾಗಂತ ಅಮ್ಮನನ್ನು ಒಂಟಿ ಮಾಡಬೇಡಿ. ನಾನು ನೋಡಿಕೊಂಡ ಒಬ್ಬ ತಾಯಿಯ ಪಕ್ಕದ ಮನೆಯವರು ದಿನಾ ಬಿಸಿ ಗಂಜಿಯ ಡಬ್ಬಿಯನ್ನು ಜಗಲಿ ಮೇಲೆ ಇಡುತ್ತಿದ್ದರು. ಆಮೇಲೆ ಕಿಟಕಿಯಾಚೆ ಕೂತು, ಅವರೆಕಾಯಿ ಸುಲಿಯುತ್ತಾ ಊರ ಸುದ್ದಿ ಹೇಳುತ್ತಿದ್ದರು. ಸಂಘದವರಿಗೆ ಇಂಥದ್ದೇ ಕೆಲಸ ಕೊಡಿ. ಯಾವ ದಿನ ಯಾರ ಮನೆಯಿಂದ ಊಟ ಅಂತ ಹೆಸರು ಬರೆದಿಡಿ. ಆಗಷ್ಟೇ ಮಾಡಿದ ಬಿಸಿ ಅಡುಗೆಯೇ ಆಗಬೇಕು, ತಂಗಳು ಬೇಡ.

ಒಂದು ಥರ್ಮಾಮೀಟರ್ ತಂದಿಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿಸಿ ಬೆಳಗಾಗಲಿ ಅಂತ ಕಾಯಬೇಡಿ. ನಡುರಾತ್ರಿಯಾದರೂ ಹೊರಡಬೇಕು. ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು ಅಂತ ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ. ಕಾರಿರುವ ಇಬ್ಬರ ಫೋನ್ ನಂಬರ್ ಗೋಡೆಗೆ ಅಂಟಿಸಿ. ಒಬ್ಬರೇ ಸಾಲದು, ಅವರು ಊರಲ್ಲಿಲ್ಲದ ರಾತ್ರಿಯೇ ಜ್ವರ ಬರಬಹುದು.

ಊರ ಹುಡುಗರು ರಕ್ತ ಕೊಡುತ್ತೇವೆ ಅಂದರೆ ಎಲ್ಲರನ್ನೂ ಒಂದೇ ದಿನ ಕಳಿಸಬೇಡಿ. ರಕ್ತದಿಂದ ಬೇರ್ಪಡಿಸುವ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಐದೇ ದಿನ ಇಡಲು ಬರೋದು. ಗಂಡಸರು ಒಮ್ಮೆ ರಕ್ತ ಕೊಟ್ಟರೆ ಮತ್ತೆ ಕೊಡಲು ಮೂರು ತಿಂಗಳು ಕಾಯಬೇಕು. ಹೆಸರು, ಗುಂಪು ಬರೆದಿಟ್ಟುಕೊಂಡು, ಆಸ್ಪತ್ರೆ ಕೇಳಿದಾಗ ಕರೆಯಿರಿ.

ಇನ್ನು ದುಡ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಕಾರ್ಡ್, ಆಧಾರ್, ಬಯಾಪ್ಸಿ ವರದಿ ಒಂದೇ ಫೈಲಿನಲ್ಲಿರಲಿ. ಆದರೆ ಓಡಾಟ, ಬೆಂಗಳೂರಿನ ಊಟ, ತಪ್ಪಿದ ಕೂಲಿ ಇದರಲ್ಲಿ ಬರಲ್ಲ. ಮನೆ ಸೋರೋದು ಇಲ್ಲೇ. ಊರವರು ಕೂಡಿಸಿದ ಹಣ ಇದಕ್ಕಿರಲಿ. ನಿಮಗೆ ಅರಸೀಕೆರೆಯಿಂದ ರೈಲಿದೆ. ಆಸ್ಪತ್ರೆಯಲ್ಲಿ ರಿಯಾಯಿತಿ ಪತ್ರ ಕೇಳಿ ಪಡೆಯಿರಿ. ಸ್ಲೀಪರ್, ಥರ್ಡ್ ಎಸಿಯಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿ ಇದೆ.

ಯಾರಾದರೂ ನಾಟಿ ಔಷಧಿ ತಂದೇ ತರುತ್ತಾರೆ. ಪ್ರೀತಿಯಿಂದ ತಂದಿರುತ್ತಾರೆ, ಜಗಳ ಬೇಡ. ಆದರೆ ವೈದ್ಯರನ್ನು ಕೇಳದೆ ಒಂದು ಚಮಚವನ್ನೂ ಕೊಡಬೇಡಿ. ಕೆಲವು ಬೇರು, ಸೊಪ್ಪು ಕೀಮೋ ಜೊತೆ ಸೇರಿ ಲಿವರ್‌ಗೆ ಪೆಟ್ಟು ಕೊಡುತ್ತವೆ.

ಕ್ಯಾಲೆಂಡರ್ ಹಿಡಿದು ಕೂತಾಗ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೆಂಗಳೂರಿಗೆ ಜೊತೆಗೆ ಯಾರು ಬರಬೇಕು, ಯಾರಿಗೆ ವಿಷಯ ತಿಳಿಯಬಾರದು, ಅವರೇ ಹೇಳಲಿ. ಎರಡು ಮೂರು ವಾರಕ್ಕೆ ಕೂದಲು ಉದುರಲು ಶುರುವಾಗಬಹುದು. ಮೊದಲೇ ಕತ್ತರಿಸೋದಾ, ಹಾಗೇ ಬಿಡೋದಾ ಅಂತಲೂ ಕೇಳಿ.