ಓದುಗರ ಪ್ರಶ್ನೆ: ಗುಡ್ಡೆಯ ನೀರು ನಮ್ಮ ಅಂಗಳಕ್ಕೆ

ಪ್ರಶ್ನೆ: ಕಾಸರಗೋಡು ಪೇಟೆ ಹತ್ತಿರ, ಗದ್ದೆಗೆ ಮಣ್ಣು ತುಂಬಿಸಿದ ಜಾಗದಲ್ಲಿ ನಮ್ಮದು 5 ಸೆಂಟ್ಸಿನ ಮನೆ. ಮೇಲಿನ ಗುಡ್ಡೆಯಲ್ಲಿ ಫ್ಲಾಟುಗಳು ಎದ್ದ ಮೇಲೆ ಪ್ರತಿ ಆಟಿಯಲ್ಲೂ (ಜುಲೈ-ಆಗಸ್ಟಿನ ಮಳೆಗಾಲ) ಅಂಗಳದಲ್ಲಿ ಮೊಣಕಾಲು ಮಟ್ಟ ನೀರು. ಇನ್ನೂ ಎರಡಡಿ ಮಣ್ಣು ಹಾಕಿಸಿದರೆ ಆದೀತೇ?

ಉತ್ತರ: ನಿಮ್ಮ ಅಂಗಳ ಒಣಗೀತು. ಆದರೆ ಆ ನೀರು ಮಣ್ಣು ಹಾಕಿಸಲು ದುಡ್ಡಿಲ್ಲದ ನೆರೆಮನೆಗೆ ನುಗ್ಗುತ್ತದೆ.

100 ಮಿ.ಮೀ. ಮಳೆ ಬಂದರೆ ಒಂದು ಸೆಂಟ್ಸ್ ಜಾಗಕ್ಕೆ ಸುಮಾರು 4,000 ಲೀಟರ್ ನೀರು ಬೀಳುತ್ತದೆ. ಗೇರುಮರಗಳಿದ್ದ ಗುಡ್ಡೆ ಅದರಲ್ಲೊಂದು ಪಾಲನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತಿತ್ತು. ತಾರಸಿ, ಇಂಟರ್‌ಲಾಕ್ ಅಂಗಳಗಳು ಹೆಚ್ಚುಕಡಿಮೆ ಎಲ್ಲವನ್ನೂ ಕೂಡಲೇ ತೋಡಿಗೆ (ಸಣ್ಣ ಹಳ್ಳಕ್ಕೆ) ಇಳಿಸುತ್ತವೆ. ಕೆಳಗಿನ ಒಂದೆಕರೆ ಗದ್ದೆಯಲ್ಲಿ ಒಂದಡಿ ನೀರು ನಿಂತರೆ 12 ಲಕ್ಷ ಲೀಟರ್. ಗದ್ದೆ ತುಂಬಿಸಿ ತುಂಡು ಮಾಡಿದವರು ಮಾರಿದ್ದು ಆ ನೀರಿನ ಜಾಗವನ್ನೇ. ಕೊಂಡವರು ಗುಡ್ಡೆಯ, ರಸ್ತೆಬದಿಯ ಕ್ರಯ ಕೊಡಲಾಗದವರು. ಇದನ್ನು ಪ್ರಕೃತಿ ವಿಕೋಪ ಎಂದು ಕೈತೊಳೆದುಕೊಳ್ಳುವುದು ಅನ್ಯಾಯ.

ಮೇ ತಿಂಗಳಲ್ಲಿ ತೋಡು ಒಣಗಿದಾಗ ನೆರೆಯವರ ಜೊತೆ ಹೊಳೆಯವರೆಗೆ ನಡೆದು ಪ್ರತಿ ಮೋರಿಯ ಒಳವ್ಯಾಸ ಅಳೆಯಿರಿ. ಗೇಟಿಗೆ ದಾರಿ ಮಾಡುವಾಗ 60 ಸೆಂ.ಮೀ. ಪೈಪಿನ ಮುಂದೆ ಯಾರಾದರೂ 30ರದ್ದು ಕೂರಿಸಿದ್ದರೆ ತೊಂದರೆ ಅಲ್ಲೇ. ವ್ಯಾಸ ಅರ್ಧವಾದರೆ ಅದೇ ಇಳಿಜಾರಿನಲ್ಲಿ ಹರಿಯುವುದು ಆರರಲ್ಲಿ ಒಂದು ಪಾಲು ಮಾತ್ರ. ಅದರ ಬಾಯಿಗೆ ಒಂದು ತೆಂಗಿನ ಮಡಲು ಅಡ್ಡ ಬಿದ್ದರೂ ಸಾಕು, ನೀರು ಹಿಂದಕ್ಕೆ ಉಕ್ಕುತ್ತದೆ. ಚಂದ್ರಗಿರಿ ಹೊಳೆಯ ಅಳಿವೆ ಹತ್ತಿರವಿರುವ ಕಡೆ ಸಮುದ್ರದ ಉಬ್ಬರದ ಹೊತ್ತಿಗೆ ತೋಡಿನ ನೀರು ಇಳಿಯುವುದೇ ಇಲ್ಲ. ಆಗ ನೀರು ನಿಲ್ಲಲು ಗದ್ದೆಯೇ ಬೇಕು.

ವಿಲ್ಲೇಜ್ ಆಫೀಸಿನಲ್ಲಿ ತೋಡು ಪೊರಂಬೋಕಿನ (ತೋಡಿಗೆಂದು ಇರುವ ಸರಕಾರಿ ಜಾಗದ) ಅಗಲ ಕೇಳಿ, ಅಳತೆಯ ಜೊತೆ ಹೋಲಿಸಿ. ಅಳತೆಕೋಲು ಕಾಣುವಂತೆ ಫೋಟೊ ಹಿಡಿದು, ಬಾಡಿಗೆಯವರ ಸಹಿಯನ್ನೂ ಸೇರಿಸಿ, ನಗರಸಭೆ ಕಾರ್ಯದರ್ಶಿಗೆ ಒಂದೇ ಅರ್ಜಿ ಕೊಡಿ. ಕನ್ನಡದಲ್ಲೇ ಬರೆಯಿರಿ, ಅದು ನಮ್ಮ ಹಕ್ಕು. ರಶೀದಿ ಬಿಡಬೇಡಿ. ಕೇರಳದ 2008ರ ಗದ್ದೆ ಸಂರಕ್ಷಣಾ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯಂತೆ, ಡೇಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗು ಜಾಗಗಳ ಸರಕಾರಿ ಪಟ್ಟಿ) ಇಲ್ಲದ ಜಾಗ ಪರಿವರ್ತಿಸುವಾಗ ಅದು 50 ಸೆಂಟ್ಸಿಗಿಂತ ಹೆಚ್ಚಿದ್ದರೆ ಶೇ. 10 ಭಾಗ ಜಲಸಂರಕ್ಷಣೆಗೆ ಬಿಡಬೇಕು. ನಿಮ್ಮಲ್ಲಿ ಬಿಟ್ಟಿದ್ದಾರೆಯೇ ಎಂದು ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ನಾಲ್ಕು ಬಾಡಿಗೆ ಮನೆಗಳಿಗೆ ಒಂದೇ ಬಾವಿ. ನೆರೆನೀರು ಒಳಗೆ ಹೋಗಿದೆ. ಪಂಪು ಹಾಕಿ ಪೂರ್ತಿ ಖಾಲಿ ಮಾಡಬೇಕೇ?

ಉತ್ತರ: ಸುತ್ತಲ ಮಣ್ಣು ನೆನೆದಿರುವಾಗ ಬೇಡ, ಬಾವಿಯ ಬದಿ ಕುಸಿಯಬಹುದು. ಇದ್ದ ನೀರಿಗೇ ಬ್ಲೀಚಿಂಗ್ ಪೌಡರ್ ಹಾಕಿ. ಬಾವಿಯ ವ್ಯಾಸ × ವ್ಯಾಸ × ನೀರಿನ ಆಳ (ಮೀಟರಿನಲ್ಲಿ) × 785 ಮಾಡಿದರೆ ಲೀಟರ್ ಲೆಕ್ಕ ಸಿಗುತ್ತದೆ. 2 ಮೀಟರ್ ವ್ಯಾಸ, 4 ಮೀಟರ್ ನೀರಿದ್ದರೆ ಸುಮಾರು 12,500 ಲೀಟರ್. ಸಾವಿರ ಲೀಟರಿಗೆ 5 ಗ್ರಾಂನಂತೆ 63 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿಯಾಗಲು ಬಿಟ್ಟು, ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕೊಡಪಾನದಿಂದ ಕದಡಿ. ಒಂದು ರಾತ್ರಿ ಬಿಡಿ. ಬಾಯಿ ತೆರೆದಿಟ್ಟ ಹಳೆ ಪೊಟ್ಟಣದ ಪುಡಿಯಲ್ಲಿ ಸತ್ವವಿರುವುದಿಲ್ಲ. ಶೌಚದ ಗುಂಡಿ ಹತ್ತಿರವಿದ್ದರೆ ಆಮೇಲೂ ಕುದಿಸಿಯೇ ಕುಡಿಯಿರಿ.