ಆ ರಾಕ್ಷಸ ನಾನೇ ಅಲ್ವಾ ಮೇಡಂ?

ಮಕ್ಕಳ ಮೊಬೈಲಿನಲ್ಲೋ ನೋಟ್‌ಬುಕ್ಕಿನಲ್ಲೋ ಸಿಕ್ಕ ಚಿತ್ರ ಹಿಡಿದು "ಇದರ ಅರ್ಥ ಹೇಳಿ" ಎಂದು ನನ್ನ ಬಳಿ ಆಪ್ತಸಲಹೆಗೆ ಬರುವ ಪೋಷಕರನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕೇ ಈ ಪ್ರಕರಣ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮಗ ಇಂಜಿನಿಯರಿಂಗ್ ವಿದ್ಯಾರ್ಥಿ. ಹಾಸ್ಟೆಲಿನಿಂದ ಊರಿಗೆ ಬರುವುದನ್ನೇ ಬಿಟ್ಟಿದ್ದ. ಅವನು ಬರೆದ ಚಿತ್ರದಲ್ಲಿ ಕಣಿವೆಯ ದಾರಿ, ಕೋಲು ಹಿಡಿದ ಒಂಟಿ ದಾರಿಹೋಕ, ಎದುರಿಗೆ ಬೆಟ್ಟದಷ್ಟು ದೊಡ್ಡ ಕೊಂಬಿನ ರಾಕ್ಷಸ. ಬಂಧುವೊಬ್ಬರು 'ರಾಕ್ಷಸ ಅಂದರೆ ಅಪ್ಪ' ಎಂದುಬಿಟ್ಟಿದ್ದರು. ತಂದೆ ಕೂತವರೇ ಕೇಳಿದ್ದು ಅದನ್ನೇ.

ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಚಿತ್ರದಿಂದ ಮನಸ್ಸು ತಿಳಿಯುವ ಪರೀಕ್ಷೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. 1930ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಕ್ರಿಸ್ಟಿಯಾನಾ ಮಾರ್ಗನ್ ಮತ್ತು ಹೆನ್ರಿ ಮರ್ರೇ ರೂಪಿಸಿದ, ಚಿತ್ರದ ಕಾರ್ಡು ತೋರಿಸಿ ಕಥೆ ಹೇಳಿಸುವ ಟಿಎಟಿ ಪರೀಕ್ಷೆಯ ಒಂದು ಕಾರ್ಡಿನಲ್ಲಿ ಬಂಡೆಯಿಂದ ಕತ್ತು ಚಾಚಿದ ಡ್ರ್ಯಾಗನ್ನೇ ಇದೆ. ಆದರೆ ಆ ಡ್ರ್ಯಾಗನ್‌ಗೆ ಇಂಥದ್ದೇ ಅರ್ಥ ಎಂದಿಲ್ಲ. ನೋಡಿದವರು ಕಟ್ಟುವ ಕಥೆಯನ್ನು ಕೇಳಿಸಿಕೊಳ್ಳಬೇಕು. ಒಂದೇ ಕಾರ್ಡಿನಿಂದ ತೀರ್ಮಾನಕ್ಕೂ ಬರುವಂತಿಲ್ಲ.

ಮಗ ಒಬ್ಬನೇ ಬಂದಾಗ ಚಿತ್ರ ಮುಂದಿಟ್ಟು, "ಇಲ್ಲಿ ಏನು ನಡೀತಿದೆ?" ಎಂದಷ್ಟೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ.

"ಎಲ್ಲರೂ ರಾಕ್ಷಸನ್ನೇ ನೋಡ್ತಾರೆ. ಅದು ಕಣ್ಣು ಮುಚ್ಕೊಂಡಿದೆ ಮೇಡಂ, ಇವನನ್ನ ನೋಡೇ ಇಲ್ಲ. ಇವನೇ ದಾಟೋಕಾಗದೆ ನಿಂತ್ಬಿಟ್ಟಿದಾನೆ."

"ಯಾವಾಗಿಂದ?"

"ಐದನೇ ಸೆಮಿಸ್ಟರಿಂದ."

ಪಾಸಾಗದ ವಿಷಯಗಳು (ಬ್ಯಾಕ್‌ಲಾಗ್) ಉಳಿದಿದ್ದವು, ಮನೆಯಲ್ಲಿ ಹೇಳಿರಲಿಲ್ಲ. ಸಾಯಬೇಕು ಅನ್ನಿಸಿದ್ದುಂಟೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎಂಬ ಭಯ ನಿಜವಲ್ಲ. ಎಷ್ಟೋ ಮಕ್ಕಳಿಗೆ ಆ ಪ್ರಶ್ನೆಯಿಂದಲೇ ಮಾತು ಬರುತ್ತದೆ. "ಸಾಯೋದಲ್ಲ, ಎಲ್ಲಾದ್ರೂ ಹೋಗ್ಬಿಡಬೇಕು ಅನ್ಸುತ್ತೆ" ಎಂದ.

ಅಂಕಪಟ್ಟಿಯನ್ನು ಅಪ್ಪನಿಗೆ ಅವನೇ ತೋರಿಸಬೇಕು, ಜೊತೆಗೆ ನಾನಿರುತ್ತೇನೆ ಎಂದೆ. ನಾನೇ ಹೇಳಿಬಿಟ್ಟರೆ ಅವನು ನಿಂತಲ್ಲೇ ಉಳಿಯುತ್ತಿದ್ದ. ತಂದೆಗೆ ಮೊದಲೇ ಹೇಳಿದ್ದೆ: "ಯಾಕೆ ಮುಚ್ಚಿಟ್ಟೆ ಅಂತ ಶುರು ಮಾಡಬೇಡಿ. ಮುಂದೇನು ಮಾಡೋಣ ಅಂತ ಕೇಳಿ. ನಿಮ್ಮ ಸಿಟ್ಟಿಗೆ ಹೆದರಿದ್ದನಾ ಅನ್ನೋದನ್ನ ಅವನ ಬಾಯಿಂದಲೇ ಕೇಳಿ, ಚಿತ್ರದಿಂದ ಬೇಡ." ರಾತ್ರಿ ಹೊತ್ತು ಕಳವಳ ಹೆಚ್ಚಾದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಮೊಬೈಲಿನಲ್ಲೂ ಸೇವ್ ಮಾಡಿಸಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.