ಆ ನಾಲ್ಕು ಬೆರಳಿಗೆ ಹೆಸರಿದೆ

ಆತ್ಮೀಯರೇ,

‘ಎಕ್ಸ್‌ಟ್ರಾ’ ಎಂಬ ಇಂಗ್ಲಿಷ್ ಪದದ ಕುರಿತು ನೀವು ಕಳುಹಿಸಿದ ಪ್ರಬಂಧ ತಲುಪಿದೆ. ವಿಷಯ ಹೊಸದು, ಬರವಣಿಗೆ ಶುದ್ಧ. ಆದರೂ ಈಗಿರುವಂತೆ ಪ್ರಕಟಿಸಲಾರೆ. ಎರಡು ಸಲ ಓದಿದೆ, ಎರಡು ಸಲವೂ ಸಿಟ್ಟು ಬಂತು. ಕಾರಣ ಒಂದೇ ಪದ: ‘ಹೆಚ್ಚುವರಿ’.

ಮೊದಲ ಪುಟದಲ್ಲಿ ಹೀಗೆ ಬರೆದಿದ್ದೀರಿ: “ಹೂವಾಡಗಿತ್ತಿ ಮೊಳ ಮಲ್ಲಿಗೆ ಅಳೆದು, ನಾಲ್ಕು ಬೆರಳು ಹೆಚ್ಚುವರಿಯಾಗಿ ಬಿಟ್ಟು ಕತ್ತರಿಸಿದಳು.” ಮೊಳಕೈಯಿಂದ ಬೆರಳ ತುದಿಯವರೆಗೆ ಚಾಚಿದ ಆ ದಾರ ನನ್ನ ಕಣ್ಣ ಮುಂದೆ ಬಂದಿತ್ತು. ‘ಹೆಚ್ಚುವರಿ’ ಎಂದೊಡನೆ ಮಾಯವಾಯಿತು. ಅದು ಶುಲ್ಕಕ್ಕೆ, ಬಸ್ಸಿಗೆ, ಜಿಲ್ಲಾಧಿಕಾರಿಯ ಹುದ್ದೆಗೆ ಒಪ್ಪುವ ಮಾತು. ಆ ನಾಲ್ಕು ಬೆರಳಿಗೆ ನಮ್ಮಲ್ಲಿ ಹೆಸರೇ ಇದೆ: ಕೊಸರು. ಅಳತೆ ಮುಗಿದ ಮೇಲೆ ಕೈಯೆತ್ತಿ ಕೊಟ್ಟದ್ದು, ಬೆಲೆಗೆ ಸೇರದ್ದು, ಕೊಡದಿದ್ದರೆ ಗಿರಾಕಿ ಕೇಳಿ ಪಡೆಯುವಂಥದ್ದು. ಇಷ್ಟನ್ನೂ ಹೇಳುವ ಪದ ಕೈಯಲ್ಲಿರುವಾಗ ಕಚೇರಿಯ ಕಡತಕ್ಕೆ ಏಕೆ ಹೋದಿರಿ?

ಎರಡನೆಯ ಪುಟದಲ್ಲಿ, ಕ್ರಿಕೆಟ್‌ನಲ್ಲಿ ಚೆಂಡು ಬ್ಯಾಟಿಗೆ ತಗಲದೆ ಬ್ಯಾಟ್ಸ್‌ಮನ್ ಮೈಗೆ ಬಡಿದು ಹೋದಾಗ ಬರುವ ರನ್‌ಗಳ ಬಗ್ಗೆ, “ಲೆಗ್ ಬೈಗಳಿಂದ ಬಂದ ಹೆಚ್ಚುವರಿ ರನ್‌ಗಳು” ಎಂದಿದೆ. ಇದೇ ತಪ್ಪನ್ನು ನಾನೂ ಮಾಡಿದ್ದೆ. ಪತ್ರಿಕೆಯೊಂದರ ಕ್ರೀಡಾ ಪುಟದಲ್ಲಿ ಕೆಲಸ ಕಲಿಯುತ್ತಿದ್ದ ಕಾಲ. ಹಿರಿಯ ಉಪಸಂಪಾದಕರು ನನ್ನ ಸ್ಕೋರು ಪಟ್ಟಿಯನ್ನು ಎಳೆದುಕೊಂಡು, ‘ಹೆಚ್ಚುವರಿ’ಯನ್ನು ಹೊಡೆದು ‘ಇತರೆ’ ಎಂದು ಬರೆದರು. “ಈ ನಾಲ್ಕು ಲೆಗ್ ಬೈ ಯಾವ ಬ್ಯಾಟ್ಸ್‌ಮನ್ ಹೆಸರಿಗೆ?” ಎಂದು ಕೇಳಿದರು. ಯಾರ ಹೆಸರಿಗೂ ಇಲ್ಲ ಎಂದೆ. “ತಂಡದ ಮೊತ್ತಕ್ಕೆ ಸೇರಿವೆಯೋ ಇಲ್ಲವೋ?” ಸೇರಿವೆ ಎಂದೆ. “ಮತ್ತೆ ಹೆಚ್ಚಿನದ್ದು ಯಾವುದಯ್ಯಾ? ಆಟಗಾರರ ಲೆಕ್ಕದಿಂದ ಹೊರಗಿವೆ, ಅಷ್ಟೆ.” ಲ್ಯಾಟಿನ್‌ನಲ್ಲಿ ‘ಎಕ್ಸ್‌ಟ್ರಾ’ ಎಂದರೆ ‘ಹೊರಗೆ’ ಎಂದೇ ಅರ್ಥವೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅಂದು ರಾತ್ರಿ ಅವರು ನಿಘಂಟು ತೆರೆಯದೆ, ಆಟದ ಲೆಕ್ಕವನ್ನಷ್ಟೇ ನೋಡಿ ಅಲ್ಲಿಗೆ ತಲುಪಿದ್ದರು. ಆಸ್ಟ್ರೇಲಿಯಾದವರು ಇದೇ ರನ್‌ಗಳನ್ನು ‘ಸಂಡ್ರೀಸ್’ ಎನ್ನುತ್ತಾರೆ, ಅಂದರೆ ಬಿಡಿ ಬಾಬತ್ತುಗಳು. ನಮ್ಮ ‘ಇತರೆ’ಗೆ ಅದು ಇನ್ನೂ ಹತ್ತಿರ.

ಕೊನೆಯ ಪುಟದ “ಹೆಚ್ಚುವರಿಯಾಗಿ ಸಿಕ್ಕಿದ್ದನ್ನು ಯಾರು ಬೇಡವೆನ್ನುತ್ತಾರೆ?” ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಬೇಡವೆನಿಸುವ ಎಕ್ಸ್‌ಟ್ರಾ ಕೂಡ ಇದೆ. ಚಾಂದ್ರ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಆ ಕೊರತೆ ತುಂಬಲು ಸರಿಸುಮಾರು 32–33 ತಿಂಗಳಿಗೊಮ್ಮೆ ಒಂದು ತಿಂಗಳು ಸೇರಿಸುತ್ತಾರೆ; ಅದೇ ಅಧಿಕ ಮಾಸ. ಮದುವೆ, ಗೃಹಪ್ರವೇಶಗಳಿಗೆ ಆಗದ ಆ ತಿಂಗಳಿಗೆ ಮಲಮಾಸವೆಂಬ ಹೆಸರೂ ಇದೆ. ಕಣಜ ಬರಿದಾದ ಮನೆಗೆ ಇನ್ನೊಂದು ತಿಂಗಳು ಬಂದರೆ ಏನು ಗತಿ? ‘ದುರ್ಭಿಕ್ಷದಲ್ಲಿ ಅಧಿಕ ಮಾಸ’ ಎಂದವರು ಅದನ್ನು ಉಂಡು ಬಲ್ಲವರು. ಎಕ್ಸ್‌ಟ್ರಾ ಪದದ ಈ ಮುಖ ನಿಮ್ಮ ಪ್ರಬಂಧದಲ್ಲಿ ಎಲ್ಲೂ ಇಲ್ಲ.

ತಿದ್ದಿ ಕಳುಹಿಸಿ, ಕಾಯುತ್ತೇನೆ. ಆ ನಾಲ್ಕು ಬೆರಳು ಬಿಡುವಾಗ ಹೂವಾಡಗಿತ್ತಿ ಏನಾದರೂ ಹೇಳಿದಳೇ? ಹೇಳಿದ್ದರೆ ಅವಳ ಮಾತನ್ನು ಅವಳದೇ ಪದಗಳಲ್ಲಿ ಬರೆಯಿರಿ.

ಇಂತಿ,
ಸಂಪಾದಕ